ನಿಮ್ಮಣ್ಣನ ಟ್ರಂಪೆಟ್ ಪೆಟ್ಟಿಗೆ

ಯೋಗಾನಂದ,

ಗಾರ್ಮೆಂಟ್ಸ್ ವ್ಯಾನು ಆಗಲೇ ಹಾರನ್ ಹೊಡೀತಾ ಐತೆ, ಅದಕ್ಕೇ ಬರೆದಿಟ್ಟು ಹೋಗ್ತಿದ್ದೀನಿ. ನಾಳೆ ಕೆಂಗಲ್ ಮದುವೇಲಿ ನೀನು ಊದಬೇಕಾದ ನಿಮ್ಮಣ್ಣನ ಟ್ರಂಪೆಟ್ಟು ಹಿತ್ತಲ ಕಲ್ಲಿನ ಮೇಲೈತೆ.

ಅವರು ತೀರ್ಕೊಂಡಾಗ ಮುಚ್ಚಿದ ಪೆಟ್ಟಿಗೆ, ವರ್ಷದಿಂದ ಕಮಟು ಹಿಡಿದೈತೆ. ಅದರೊಳಗೆ ಊದುಬತ್ತಿ ಹಚ್ಚಿಟ್ಟಿದ್ದೀಯಲ್ಲ, ಬುದ್ಧಿ ಐತಾ? ಈಗ ಎರಡು ವಾಸನೆ. ಒಳಗಿನ ಬಟ್ಟೆಗೆ ಅಡುಗೆ ಸೋಡಾ ಉದುರಿಸಿದ್ದೀನಿ. ಮಧ್ಯಾಹ್ನ ಕೊಡವಿ, ಮುಚ್ಚಳ ತೆಗೆದು ಬಿಸಿಲಿಗಿಡು.

ಟ್ರಂಪೆಟ್ಟಿನ ಕೊಳವೆ ಬಿಚ್ಚಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳಿ. ಹುಣಸೆಹಣ್ಣು ಹಾಕಿ ಉಜ್ಜಬೇಡ, ಅದು ದೇವರ ದೀಪ ಅಲ್ಲ. ಪೂರ್ತಿ ಒಣಗಿದ ಮೇಲೇ ಪೆಟ್ಟಿಗೆಗೆ ಹಾಕು.

ಲವಂಗದ ವಾಸನೆ ಮಾತ್ರ ಹೋಗಲ್ಲ, ಬುಟ್ಬುಡು. ಊದೋಕೆ ಮುಂಚೆ ಅವರು ಒಂದು ಜಗೀತಿದ್ರಲ್ಲ, ಅದು.

ಬಾಯಿಗಿಟ್ಟು ಊದೋ ಮೌತ್‌ಪೀಸು ಹುಡುಕಬೇಡ, ಅವರ ಫೋಟೋ ಮುಂದೆ ಇಟ್ಟಿದ್ದೀನಿ. ದಿನಾ ಮಲಗೋ ಮುಂಚೆ ತೊಳೆದು, ಒರೆಸಿ ಇಡ್ತೀನಿ. ಬೆಳಿಗ್ಗೆ ಎದ್ದು ನೋಡಿದ್ರೆ ಒಳಗಡೆ ಒದ್ದೆ ಇರ್ತದೆ, ಲವಂಗ ಘಮ್ ಅಂತದೆ. ನಿಮ್ಮವ್ವ ಅಳ್ತಾ ಬಾಯಿಗಿಟ್ಕೊತಾರೇನೋ ಅಂದ್ಕೊಂಡಿದ್ದೆ. ನಿಮ್ಮವ್ವ ಮಾಗಡಿಗೆ ಹೋಗಿ ವಾರ ಆಯ್ತು. ಇವತ್ತೂ ಒದ್ದೆ ಇತ್ತು.

ಒಬ್ಬರು ಊದಿದ್ದನ್ನ ಇನ್ನೊಬ್ಬರು ಬಾಯಿಗಿಡಲ್ಲ ಅನ್ನೋದು ನಿಮ್ಮ ಬ್ಯಾಂಡಿನೋರ ಪದ್ಧತಿ. ಸತ್ತೋರ ಎಂಜಲಿಗೆ ದೋಷ ಇಲ್ಲ ಅತ್ತಿಗೆ, ತೊಳೆದ್ರೆ ಆಯ್ತು ಅಂತ ನೀನೇ ಅಂದೆ. ನಾನೂ ಹೂಂ ಅಂದಿದ್ದೆ.

ಬೇಡ. ಪೇಟೆಗೆ ಹೋಗಿ ಹೊಸ ಮೌತ್‌ಪೀಸು ತಂದ್ಕೋ. ಅವರದು ಇನ್ನೂ ಬಳಕೇಲೈತೆ.

ಮಮತಾ