ಎಡಗೈಗೊಂದು ಪುಟ್ಟ ಕಾವಲಿ

ಹೆಲ್‌ವೊಯ್ ದ್ವೀಪ, ಉತ್ತರ ನಾರ್ವೆ
ಮಾರ್ಚ್ ೬, ಶುಕ್ರವಾರ

ಪ್ರೀತಿಯ ಬೊರ್ಗಿಲ್ಡ್ ಅಕ್ಕಾ,

ಅಕ್ಷರ ನೋಡಿ ಮೊದಲೇ ಬೈಯಬೇಡ. ಕಾಗೆ ಕಾಲು ಗುಬ್ಬಿ ಕಾಲು ಆಗಿರುವುದು ನನ್ನ ಕಣ್ಣಿಗೂ ಕಾಣುತ್ತಿದೆ. ಕುಡಿದಿಲ್ಲ, ಜ್ವರವಿಲ್ಲ, ಕನ್ನಡಕವೂ ಮೂಗಿನ ಮೇಲೇ ಇದೆ. ಹೇಗಿದ್ದೀಯ? ನಿದ್ದೆ ಚೆನ್ನಾಗಿ ಬರುತ್ತಿದೆಯೇ? ಆ ಆಸ್ಪತ್ರೆಯ ಎತ್ತರದ ನರ್ಸ್ ಹುಡುಗಿ ಈಗಲಾದರೂ ಕಾಫಿಯನ್ನು ಸ್ವಲ್ಪ ಗಟ್ಟಿಯಾಗಿ ಮಾಡುತ್ತಾಳೋ, ಇಲ್ಲ ಇನ್ನೂ ಪಾತ್ರೆ ತೊಳೆದ ನೀರೋ? ಲಕ್ವ ಹೊಡೆದ ಬಲಗಾಲು ಮತ್ತೆ ನೆಲಕ್ಕೆ ಊರುತ್ತಿದೆ ಎಂದು ನೀನು ಫೋನಿನಲ್ಲಿ ಹೇಳಿದಾಗ ಎಷ್ಟು ಸಂತೋಷವಾಯಿತೆಂದರೆ, ನನ್ನ ಪಾಲಿನ ಮೀನನ್ನೂ ಬೆಕ್ಕಿಗೇ ಹಾಕಿಬಿಟ್ಟೆ. ನಾವೆಲ್ಲ ಇಲ್ಲಿ ಕ್ಷೇಮ. ಈ ಸಲ ಕಾಡ್ ಮೀನು ಚೆನ್ನಾಗಿ ಬಿದ್ದಿದೆ, ದೋಣಿ ನಿಲ್ಲುವ ಧಕ್ಕೆಯ ತುಂಬ ಮೀನಿನ ತಲೆಗಳ ರಾಶಿ. ಹಿಮ ಮಾತ್ರ ಇನ್ನೂ ಕಿಟಕಿಯ ಅರ್ಧಕ್ಕಿದೆ.

ಅದೇ ಫೋನಿನಲ್ಲಿ ನೀನು ಕೊನೆಗೆ ಆಡಿದ ಮಾತು ಇನ್ನೂ ಮುಳ್ಳಿನಂತೆ ಚುಚ್ಚುತ್ತಿದೆ. ಬರುವ ಶುಕ್ರವಾರ ಡಾಕ್ಟರೂ ಪುರಸಭೆಯವರೂ ಕೂತು, ಮನೆಗೆ ಹೋಗುತ್ತೀರೋ ವೃದ್ಧರ ಆರೈಕೆ ಮನೆ ಸೇರುತ್ತೀರೋ ಎಂದು ನಿನ್ನನ್ನು ಕೇಳುತ್ತಾರಂತೆ. ನೀನು ಆರೈಕೆ ಮನೆ ಅನ್ನುತ್ತೀಯಂತೆ. "ಬಂದವರಿಗೆ ಒಂದು ವಾಫಲ್ ಹೊಯ್ದು ಕೊಡೋಕಾಗದ ಮನೇಲಿ ಕೂತು ನಾನೇನು ಮಾಡ್ಲಿ, ಓಸ್ಮುಂಡಾ? ಅಮ್ಮನ ಆ ಮುಚ್ಚಳದ ಕಬ್ಬಿಣದ ಕಾವಲಿ ಎತ್ತೋಕೆ ಎರಡು ಕೈ ಬೇಕು. ನನಗೆ ಉಳಿದಿರೋದು ಒಂದೇ, ಅದೂ ಎಡಗೈ. ಎಡಗೈಲಿ ಏನಾಗುತ್ತೆ ಹೇಳು?" ಅಂದೆ.

ಫೋನ್ ಇಟ್ಟ ಮೇಲೆ ಯೋಚಿಸಿದೆ. ನಿನ್ನ ಕೈ ಸರಿಮಾಡುವುದು ನನ್ನಿಂದಾಗದು, ಕಾವಲಿ ಬದಲಾಯಿಸಬಹುದಲ್ಲ! ಮರುದಿನವೇ ದೋಣಿ ಹತ್ತಿ ಪೇಟೆಗೆ ಹೋದೆ. ಬಲಗೈಯನ್ನು ಕೋಟಿನೊಳಗೆ ತುರುಕಿ ಗುಂಡಿ ಹಾಕಿಕೊಂಡು, ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ಕರೆಂಟಿನ ವಾಫಲ್ ಕಾವಲಿಗಳನ್ನೆಲ್ಲ ಎಡಗೈಯಲ್ಲೇ ತೆರೆದು ಮುಚ್ಚತೊಡಗಿದೆ. ಅಂಗಡಿಯ ಹುಡುಗಿ ಓಡಿ ಬಂದು, "ಅಜ್ಜಾ, ಕೈಗೇನಾಯ್ತು? ಪೆಟ್ಟಾಯ್ತಾ?" ಅಂದಳು. "ನನ್ನ ಕೈಗೇನೂ ಆಗಿಲ್ಲಮ್ಮಾ. ಇವತ್ತು ನಮ್ಮಕ್ಕನ ಕೈ ತಂದಿದೀನಿ," ಅಂದೆ. ನಿನ್ನ ವಿಷಯ ಹೇಳಿದೆ. ಆಮೇಲೆ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ, ತಾನೂ ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು ನನ್ನ ಜೊತೆ ಒಂದೊಂದನ್ನೇ ತೆರೆದು ನೋಡಿದಳು. ಮೊದಲನೆಯದಕ್ಕೆ ದೀಪ, ಗಂಟೆ, ಠಾಕುಠೀಕು ಎಲ್ಲ ಇತ್ತು. ಆದರೆ ಕೊಂಡಿ ಬಿಚ್ಚಲು ಒಂದು ಕೈ, ಬುಡ ಹಿಡಿಯಲು ಇನ್ನೊಂದು ಕೈ ಬೇಕು. ಇನ್ನೊಂದನ್ನು ಹಿಟ್ಟು ಹೊಯ್ದ ಮೇಲೆ ತಲೆಕೆಳಗು ತಿರುಗಿಸಬೇಕು, ಅದಂತೂ ನಮಗೆ ಬೇಡವೇ ಬೇಡ. "ದಿನಾ ಮಾಡ್ತೀರಾ ಅಜ್ಜಾ?" "ಇಲ್ಲಮ್ಮಾ, ಶನಿವಾರ ಒಂದೊಂದ್ಸಲ. ಇಲ್ಲ ಯಾರಾದ್ರೂ ಬಂದಾಗ." "ಮತ್ತೆ ಅಷ್ಟೊಂದು ದುಡ್ಡು ಯಾಕೆ ಸುರೀತೀರಾ? ತಗೊಳ್ಳಿ ಇದನ್ನ," ಎಂದು ಎಲ್ಲಕ್ಕಿಂತ ಕೆಳಗಿನ ಹಲಗೆಯಿಂದ ಒಂದು ಪುಟ್ಟ ಕಾವಲಿ ತೆಗೆದಳು. ಸಲಕ್ಕೆ ಒಂದೇ ವಾಫಲ್, ಹೃದಯದ ಆಕಾರದ ಐದು ಎಸಳು, ನಮ್ಮದರಂತೆಯೇ. ಕೊಂಡಿಯಿಲ್ಲ, ಹಿಡಿ ಮುಂದಕ್ಕೆ ಚಾಚಿದೆ, ಒಮ್ಮೆ ಎತ್ತಿದರೆ ಮುಚ್ಚಳ ತಾನಾಗಿಯೇ ನಿಲ್ಲುತ್ತದೆ. ಬ್ರೆಡ್ಡಿನ ಡಬ್ಬಿಯ ಪಕ್ಕ ನೆಟ್ಟಗೆ ನಿಲ್ಲಿಸಬಹುದು, ಕಪಾಟಿನ ತಳಕ್ಕೆ ಬಗ್ಗಬೇಕಾಗಿಲ್ಲ. ಬೆಲೆಯೂ, ಹಡಗಿನ ಹೋಟೆಲಿನಲ್ಲಿ ಇಬ್ಬರು ಊಟ ಮಾಡಿದಷ್ಟೇ.

ಹಗುರವಾಗಿದೆ ಎಂದು ಹಿಗ್ಗಿ ತಂದೆನೇ, ಆ ಹಗುರವೇ ಕೈಕೊಟ್ಟಿತು. ಮನೆಯಲ್ಲಿ ಮತ್ತೆ ಬಲಗೈ ಕೋಟಿನೊಳಗಿಟ್ಟು ಹಿಟ್ಟು ಹೊಯ್ದೆ. ಮುಚ್ಚಳ ಎತ್ತಲು ಹೋದರೆ ಕಾವಲಿಯೇ ಜಾರಿಕೊಂಡು ಗೋಡೆಗೆ ಹೋಗಿ ತಾಗಿತು. ವಾಫಲ್ ಬಿಡಿಸಲು ಹೋದರೆ ಗಿರ್ರನೆ ತಿರುಗಿತು. ವಾಸನೆ ಹಿಡಿದು ಬಂದ ಪಕ್ಕದ ಮನೆಯ ಗುನ್ವೋರ್ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಡಗಿನಲ್ಲಿ ಅಡುಗೆ ಮಾಡ್ತಿದ್ದೋನಂತೆ ಇವನು! ಆ ಇನ್ನೊಂದು ಕೈನೂ ಹೊರಗೆ ತೆಗಿಯೋ, ಮನೆಗೆ ಬೆಂಕಿ ಹಚ್ಚೀಯ!" "ಮೊದಲ್ನೇ ವಾಫಲ್ ಯಾವತ್ತಿದ್ರೂ ಬೆಕ್ಕಿಗೇ ಕಣೇ," ಅಂದೆ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಆದರೆ ಅವಳು ಹಡಗು ಅಂದದ್ದೇ ತಡ, ನನಗೆ ನನ್ನ ಮೇಲೇ ನಗು ಬಂತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಅಲೆ ಎದ್ದಾಗ ತಟ್ಟೆಗಳು ಜಾರದಂತೆ ನಾವು ಹಡಗಿನ ಮೇಜಿಗೆ ಏನು ಹಾಸುತ್ತಿದ್ದೆವು? ಒದ್ದೆ ಬಟ್ಟೆ! ಒಂದು ದಪ್ಪ ಬಟ್ಟೆಯನ್ನು ನೆನೆಸಿ, ಚೆನ್ನಾಗಿ ಹಿಂಡಿ ಕಾವಲಿಯ ಕೆಳಗೆ ಹಾಸಿದೆ. ಅದು ಬೇರುಬಿಟ್ಟಂತೆ ಕೂತಿತು. ಎರಡನೆಯ ವಾಫಲ್ ಇಡಿಯಾಗಿ ಬಂತು, ಗುನ್ವೋರ್ ಚೂರೂ ಬಿಡದೆ ತಿಂದಳು. ಆಗ ನಮ್ಮ ಹಳೆಯ ಕ್ಯಾಪ್ಟನ್ ಹೊಸಬರಿಗೆಲ್ಲ ಹೇಳುತ್ತಿದ್ದ ಮಾತೂ ನೆನಪಾಯಿತು: "ಒಂದು ಕೈ ನಿನಗೆ, ಒಂದು ಕೈ ಹಡಗಿಗೆ." ಬಿರುಗಾಳಿಯಲ್ಲಿ ಒಂದು ಕೈ ಕಂಬಿ ಹಿಡಿದೇ ಇರಬೇಕು ಅಕ್ಕಾ, ಇಲ್ಲದಿದ್ದರೆ ಸಮುದ್ರದ ಪಾಲು. ಬೇಯಿಸುವುದು, ಬಡಿಸುವುದು ಎಲ್ಲ ಉಳಿದೊಂದು ಕೈಯಲ್ಲೇ. ಆಯುಷ್ಯದ ಅರ್ಧ ನಾನು ಒಂಟಿಕೈಯಲ್ಲೇ ಅಡುಗೆ ಮಾಡಿದೆ. ಕೆಲಸಕ್ಕೆ ಬಾರದವನು ಎಂದು ಯಾರೂ ಅನ್ನಲಿಲ್ಲ.

ಆ ಅಡುಗೆಯನ್ನಾದರೂ ನನಗೆ ಕಲಿಸಿದವರು ಯಾರು? ಅಮ್ಮ ಹೋದ ಚಳಿಗಾಲ ನನ್ನನ್ನು ಮೀನಿನ ಪೆಟ್ಟಿಗೆಯ ಮೇಲೆ ಹತ್ತಿಸಿ, ನನ್ನ ಕೈಯ ಮೇಲೆ ನಿನ್ನ ಕೈಯಿಟ್ಟು ಆ ಭಾರದ ಕಾವಲಿ ಮುಚ್ಚಿಸಿದೆ. "ಅಳ್ತಾ ಇರಬೇಡ, ಹಬೆ ನೋಡ್ತಾ ಇರು. ಹಬೆ ನಿಂತಾಗ ತೆಗಿ," ಅಂದಿದ್ದೆ. ನೀನೇ ಆಗಿನ್ನೂ ಎರಡು ಜಡೆಯ ಹುಡುಗಿ. ನಿನಗೂ ಅಳು ಬರುತ್ತಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ಒಂದು ವಿದ್ಯೆಯಿಂದಲೇ ಹಡಗಿನಲ್ಲಿ ನನಗೆ ಕೆಲಸ ಸಿಕ್ಕಿತು, ಬದುಕು ನಡೆಯಿತು. ನಿನ್ನ ಋಣ ದೊಡ್ಡದು ಅಕ್ಕಾ. ಎದುರಿಗೆ ಹೇಳಿದರೆ "ಸಾಕು ಸುಮ್ನಿರೋ" ಅನ್ನುತ್ತೀಯ, ಅದಕ್ಕೇ ಬರೆದೆ.

ಪುಟ್ಟ ಕಾವಲಿಗೆ ಇನ್ನೊಂದು ಗುಣವಿದೆ. ಸಲಕ್ಕೆ ಒಂದೇ ಆದ್ದರಿಂದ ಎಲ್ಲರೂ ಕಾಯಬೇಕು. ನಿನ್ನೆ ಗುನ್ವೋರ್ ಗಂಡ ಪೇಡರನನ್ನೂ ಕರೆತಂದಿದ್ದಳು. ತಿಂದು ಕೈ ಒರೆಸಿಕೊಂಡು ಹೋಗಿಬಿಡುವ ಮನುಷ್ಯ ಅವನು. ಮುಂದಿನ ವಾಫಲಿಗಾಗಿ ಕಾಯುತ್ತ ಕೂತು, ತನ್ನ ಬಲೆ ಹರಿದ ಕಥೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದ. ವಾಫಲಿಗೆ ಹಚ್ಚುವ ಹುಳಿ ಕೆನೆ, ಜಾಮ್ ಎರಡೂ ಖಾಲಿ, ಕಂದು ಚೀಸ್ ಮಾತ್ರ ಒಂದು ಚೂರು ಉಳಿದಿದೆ. "ಬೊರ್ಗಿಲ್ಡ್ ಕೂತು ಹೊಯ್ತಾ ಇದ್ದಿದ್ರೆ ಇನ್ನೂ ಎರಡು ತಿಂತಿದ್ದೆ," ಅಂದ. ಮೇಜಿನ ತುದಿಯ ನಿನ್ನ ಕುರ್ಚಿಯವರೆಗೂ ಕಾವಲಿಯ ತಂತಿ ಎಟುಕುತ್ತದೆ, ನೋಡಿದ್ದೇನೆ.

ನರ್ಸ್ ಹುಡುಗಿಗೆ ನನ್ನ ನಮಸ್ಕಾರ ಹೇಳು, ಕಾಫಿಯ ಮಾತು ಹೇಳಬೇಡ. ಗುನ್ವೋರ್ ಮತ್ತು ಪೇಡರ್ ನಿನ್ನನ್ನು ದಿನವೂ ಕೇಳುತ್ತಾರೆ. ದೇವರು ನಿನ್ನ ಕಾಲಿಗೆ ಇನ್ನಷ್ಟು ಬಲ ಕೊಡಲಿ.

ನಿನ್ನ ಕೈಯಲ್ಲಿ ಬೆಳೆದ ತಮ್ಮ,
ಓಸ್ಮುಂಡ್

ಮರೆತ ಮಾತು: ಪೇಡರನ ದೋಣಿ ಹೊರಟಿದೆ, ಈ ಕಾಗದ ಅವನೇ ತಂದು ಕೊಡುತ್ತಾನೆ, ಬೇಗ ಹೇಳಿಬಿಡುತ್ತೇನೆ. ಮೇಲಿನ ತಾರೀಖು ನೋಡು, ಇವತ್ತು ಮಂಗಳವಾರ. ಇಷ್ಟು ದಿನ ಯಾಕೆ ಹಿಡಿಯಿತೆಂದರೆ, ಇದರ ಒಂದೊಂದು ಅಕ್ಷರವನ್ನೂ ಬಲಗೈ ಕೋಟಿನೊಳಗಿಟ್ಟುಕೊಂಡು ಎಡಗೈಯಲ್ಲೇ ಬರೆದಿದ್ದೇನೆ. ಮೊದಲ ಹಾಳೆಯನ್ನೂ ಈ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ಅಕ್ಷರ ಎಷ್ಟು ಸುಧಾರಿಸಿದೆ ನೋಡು. ನಿನಗೆ ಓದಲು ಬಂದಿದ್ದರೆ, ಎಡಗೈಲಿ ಏನಾಗುತ್ತೆ ಎಂದು ಇನ್ನು ಕೇಳಬೇಡ. ಶುಕ್ರವಾರ ಅವರು ಕೇಳಿದಾಗ ಮನೆಗೆ ಹೋಗ್ತೀನಿ ಅನ್ನು ಅಕ್ಕಾ. ನಾನು ಬಾಗಿಲ ಹೊರಗೆ ನಿನ್ನ ಕೋಟು ಹಿಡಿದು ನಿಂತಿರುತ್ತೇನೆ.