ಸಾಯ್‌ಥೋಂಗ್ ಬಗ್ಗೆ ಒಂದು ಪ್ರಶ್ನೆ

ಜುಲೈ 16, 1997, ಬುಧವಾರ

ಬೆಳಗ್ಗೆ ಮತ್ತೆ ಪಕ್ಷದ ಕಚೇರಿ. ಫ್ಯಾನ್ ಇನ್ನೂ ಕೆಟ್ಟೇ ಇದೆ. ಎಲ್ಲರೂ ಕಡತಗಳಿಂದ ಗಾಳಿ ಹಾಕಿಕೊಳ್ಳುತ್ತಾ ಒಂದೇ ಮಾತು — ಡಾಲರ್ ಎದುರು ನಮ್ಮ ಥಾಯ್ ಬಾತ್ ಎಷ್ಟಕ್ಕೆ ಇಳಿಯಿತು.

ನಾಳೆ ಪ್ರಶ್ನೋತ್ತರ ವೇಳೆಯಲ್ಲಿ ನನ್ನ ಸರದಿ. ಗೆದ್ದು ಬಂದ ಮೇಲೆ ಇದೇ ಮೊದಲು. ಸಚೇತಕ ವಿರತ್ ಹತ್ತಿರ ಬಂದು ಕೂತ.

"ಓರಥಾಯ್, ಬಾತ್ ವಿಷಯ ದೊಡ್ಡವರು ನೋಡ್ಕೋತಾರೆ. ನೀನು ನಿಮ್ಮೂರು ಲಾಂಪಾಂಗ್ ರಸ್ತೆ ಬಗ್ಗೆ ಕೇಳು."

"ಸಾಯ್‌ಥೋಂಗ್ ಫೈನಾನ್ಸ್ ಬಗ್ಗೆ ಕೇಳ್ತೀನಿ."

"ಏನು ಆಧಾರ?"

ಹೇಳಲಿಲ್ಲ. ಆಧಾರ ನನ್ನ ತಂಗಿ ನಿಪಾ. ಲಾಂಪಾಂಗ್ ಶಾಖೆಗೆ ಅವಳೇ ಮುಖ್ಯಸ್ಥೆ. ಭಾನುವಾರ ಫೋನ್ ಮಾಡಿದ್ದಳು, ಪಕ್ಕದ ಔಷಧಿ ಅಂಗಡಿಯಿಂದ. "ಅಕ್ಕಾ, ದುಡ್ಡು ವಾಪಸ್ ಕೇಳೋಕೆ ಬಂದವರಿಗೆ ಬಡ್ಡಿ ಏರಿಸಿ, ಟೀ ಕೊಡಿ, ಹೇಗಾದ್ರೂ ಕೂರಿಸಿ ಅಂತ ಬ್ಯಾಂಕಾಕಿಂದ ಆರ್ಡರ್. ಅದೇ ಡೈರೆಕ್ಟರ್‌ಗಳು ತಮ್ಮದನ್ನೆಲ್ಲ ಎತ್ಕೊಂಡು ಹೋಗ್ತಿದಾರೆ. ನನ್ನ ಹೆಸರು ಎಲ್ಲಾದ್ರೂ ಬಂತೋ, ನನ್ನ ಕಥೆ ಮುಗೀತು."

ಹೆಸರು ಬರುವುದಿಲ್ಲ.

ಜುಲೈ 17, ಗುರುವಾರ, ಸಂಜೆ

ಕೇಳಿದೆ. "ಸಾಯ್‌ಥೋಂಗ್ ಫೈನಾನ್ಸ್‌ನ ನಿರ್ದೇಶಕರು ತಮ್ಮ ಠೇವಣಿಗಳನ್ನು ಹಿಂತೆಗೆದುಕೊಳ್ಳುತ್ತಿರುವುದು ಸರ್ಕಾರಕ್ಕೆ ಗೊತ್ತಿದೆಯೇ? ಸಾಮಾನ್ಯರ ದುಡ್ಡು ಅಲ್ಲಿ ಭದ್ರವಾಗಿದೆಯೇ?"

ಹಣಕಾಸು ಉಪಮಂತ್ರಿ ತೇಚಾ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ಮೈಕನ್ನು ತನ್ನ ಕಡೆ ಬಗ್ಗಿಸಿಕೊಂಡ. ಅವಸರವೇ ಇಲ್ಲ.

"ಮಾನ್ಯ ಸದಸ್ಯೆ ಹೊಸಬರು, ಬೇಗ ಹೆದರ್ತಾರೆ. ಸಾಯ್‌ಥೋಂಗ್ ಗಟ್ಟಿಯಾಗಿದೆ. ನಮ್ಮ ಅತ್ತೆಯ ದುಡ್ಡೂ ಅಲ್ಲೇ ಇದೆ. ಅದು ಮುಳುಗಿದರೆ ನನ್ನನ್ನ ಮನೆಯೊಳಗೆ ಬಿಟ್ಟುಕೊಳ್ಳೋರೇ ಇಲ್ಲ."

ಎಲ್ಲರೂ ನಕ್ಕರು. ನಮ್ಮ ವಿರೋಧಪಕ್ಷದ ಬೆಂಚಿನವರೂ. ಉಪಪ್ರಶ್ನೆಗೆ ಎದ್ದೆ. ಸಭಾಧ್ಯಕ್ಷರು ಗಡಿಯಾರ ನೋಡಿದರು. ನನ್ನ ಮೈಕಿನ ಕೆಂಪು ದೀಪ ಆರಿತು.

ಹೊರಗೆ ವಿರತ್ ಭುಜ ತಟ್ಟಿದ. "ಚೆನ್ನಾಗೇ ಕೇಳಿದೆ ಬಿಡು. ರೇಡಿಯೊದಲ್ಲಿ ನೇರ ಪ್ರಸಾರ ಆಯ್ತು."

ಜುಲೈ 20, ಭಾನುವಾರ — ಲಾಂಪಾಂಗ್

ರೈಲಿನಿಂದ ಇಳಿದು ಸಂತೆ ದಾಟುವಷ್ಟರಲ್ಲಿ ಎಷ್ಟೋ ಜನ ಕೈಮುಗಿದರು. ಸಾಸೇಜ್ ಸುಡುವವಳು ದುಡ್ಡು ತೆಗೆದುಕೊಳ್ಳಲಿಲ್ಲ. "ರೇಡಿಯೊದಲ್ಲಿ ಕೇಳಿದ್ವಿ ತಾಯಿ! ನೀವು ನಮ್ಮ ಪರವಾಗಿ ಕೇಳಿದ್ರಿ, ಅವರ ಬಾಯಿಂದಾನೇ ಗಟ್ಟಿ ಅನ್ನಿಸಿಬಿಟ್ರಿ. ಈಗ ಸಮಾಧಾನ."

"ಹಾಂ" ಅಂದು ಮುಂದೆ ನಡೆದೆ.

ನಿಪಾ ಮನೆಗೆ ಬಂದಳು. "ಶುಕ್ರವಾರ ಒಂದೇ ಸಮನೆ ಜನ ಬಂದ್ರು, ಅಕ್ಕಾ. ದುಡ್ಡು ತೆಗೆಯೋಕಲ್ಲ. ಇಡೋಕೆ! ಮಂತ್ರಿಗಳೇ ಹೇಳಿದಾರಲ್ಲ ಅಂತ. ಇನ್ನೊಂದು ಸಲ ನನಗೆ ಸಹಾಯ ಮಾಡೋಕೆ ಹೋಗಬೇಡ, ದಮ್ಮಯ್ಯ."

ನನ್ನ ಪ್ರಶ್ನೆಯೇ ಅವರಿಗೆ ಜಾಹೀರಾತಾಯಿತು. ಎಲ್ಲರಿಗೂ ಕೂಗಿ ಹೇಳಿದರೆ ಜನ ಮುಗಿಬಿದ್ದು ನಾಳೆಯೇ ಕಂಪನಿಯ ಬಾಗಿಲು ಬೀಳುತ್ತದೆ, ಸಾಲಿನಲ್ಲಿ ಮುಂದೆ ನಿಂತವರ ಹೊರತು ಯಾರಿಗೂ ಏನೂ ದಕ್ಕದು. ಹೇಳದೆ ಇದ್ದರೆ...

ಖಮ್‌ಫೂ ಮಾವನ ಮನೆಗೆ ಹೋದೆ, ಊರೆಲ್ಲ ಮಾವ ಅನ್ನುವವರು. ರೈಲ್ವೆ ಗಾರ್ಡ್ ಆಗಿದ್ದವರು. ಈಗ ನಮ್ಮ ಊರಿನ ಅಂತ್ಯಕ್ರಿಯೆ ಸಂಘ ನಡೆಸುತ್ತಾರೆ. ಯಾರೇ ಸತ್ತರೂ ಶವಪೆಟ್ಟಿಗೆ, ಭಿಕ್ಷುಗಳ ಮಂತ್ರ, ಬಂದವರಿಗೆ ಊಟ, ಎಲ್ಲ ಸಂಘದ್ದೇ. ಪಿಂಗಾಣಿ ಕಾರ್ಖಾನೆಯ ಕೂಲಿಯವರಿಂದ ಹಿಡಿದು ನಮ್ಮ ಅಮ್ಮನವರೆಗೆ ಎಲ್ಲ ಮನೆಯೂ ಅದರಲ್ಲಿ ಸದಸ್ಯ, ಪ್ರತಿ ಸಾವಿಗೂ ಇಷ್ಟಿಷ್ಟು ಹಾಕುತ್ತಾರೆ. ದುಡ್ಡೆಲ್ಲ ಸಾಯ್‌ಥೋಂಗ್‌ನಲ್ಲಿ.

ಹಿತ್ತಲಲ್ಲಿ ಆರ್ಕಿಡ್‌ಗೆ ನೀರು ಚಿಮುಕಿಸುತ್ತಿದ್ದರು.

"ಮಾವ, ಸಂಘದ ದುಡ್ಡು ನಾಳೆ ಬೆಳಗ್ಗೆ ತೆಗೆದುಬಿಡಿ."

"ಯಾಕಮ್ಮಾ? ಮಂತ್ರಿ ಹೇಳಿದ್ನಲ್ಲ."

"ಸುಳ್ಳು ಹೇಳಿದ."

"ಅಷ್ಟು ಜನರ ಮುಂದೆ? ರೇಡಿಯೊದಲ್ಲಿ?" ನೀರು ಚಿಮುಕಿಸುವ ಪಂಪ್ ಕೆಳಗಿಟ್ಟರು. "ಅವಧಿಗೆ ಮುಂಚೆ ತೆಗೆದ್ರೆ ಬಡ್ಡಿ ಪೂರ್ತಿ ಹೋಗುತ್ತೆ. ಆಮೇಲೆ ಏನೂ ಆಗದಿದ್ರೆ ಜನ ನನ್ನನ್ನ ಸುಮ್ನೆ ಬಿಡ್ತಾರಾ? ಮುದುಕನಿಗೆ ತಲೆ ಕೆಟ್ಟಿದೆ ಅಂತಾರೆ."

"ಅಂದ್ಕೊಳ್ಲಿ. ನಾಳೆಯೇ ಹೋಗಿ. ಯಾರಿಗೂ ಹೇಳಬೇಡಿ."

"ನೋಡ್ತೀನಿ."

ಆಗಸ್ಟ್ 5, ಮಂಗಳವಾರ

ಸರ್ಕಾರ ಫೈನಾನ್ಸ್ ಕಂಪನಿಗಳನ್ನು ಮುಚ್ಚಿಸಿತು. ಮಧ್ಯಾಹ್ನದ ಸುದ್ದಿಯಲ್ಲಿ ಪಟ್ಟಿ ಓದಿದರು, ಒಂದರ ಹಿಂದೆ ಒಂದು ಕಂಪನಿ. ಸಾಯ್‌ಥೋಂಗ್ ನಡುವೆಲ್ಲೋ ಬಂತು. "ತಾತ್ಕಾಲಿಕ" ಅಂದರು.

ನಿಪಾ ಫೋನ್ ಎತ್ತುತ್ತಿಲ್ಲ.

ಆಗಸ್ಟ್ 7 — ಲಾಂಪಾಂಗ್

ಶಟರ್ ಎಳೆದಿದೆ. ಮೆಟ್ಟಿಲ ಮೇಲೆ, ಫುಟ್‌ಪಾತ್‌ನಲ್ಲಿ, ಕುದುರೆಗಾಡಿ ನಿಲ್ಲುವ ಜಾಗದಲ್ಲಿ, ಎಲ್ಲಿ ನೋಡಿದರೂ ಜನ. ಕೂಗಾಟವಿಲ್ಲ. ಊಟದ ಡಬ್ಬಿ ತಂದು ಕೂತಿದ್ದಾರೆ. ಕೂತರೆ ತೆರೆಯುತ್ತಾರೇನೋ ಎನ್ನುವ ಹಾಗೆ.

ಖಮ್‌ಫೂ ಮಾವ ಮೇಲಿನ ಮೆಟ್ಟಿಲಲ್ಲಿ. ಹತ್ತಿರ ಹೋದೆ. ತಲೆ ಎತ್ತಲಿಲ್ಲ. ಕೇಳಬೇಕಾಗಿಯೇ ಇರಲಿಲ್ಲ — ಸಂಘದ ದುಡ್ಡು ತೆಗೆದಿಲ್ಲ.

ಸಾಸೇಜ್ ಸುಡುವವಳೂ ಅಲ್ಲಿದ್ದಳು. ಕೈಮುಗಿಯಲಿಲ್ಲ.

ಆಗಸ್ಟ್ 23, ಶನಿವಾರ

ಬುವಾಕಿಯೊ ತೀರಿಕೊಂಡಳು. ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಮೇಲೆ ಹುಂಜದ ಚಿತ್ರ ಬರೆಯುತ್ತಿದ್ದವಳು. ಒಂದೇ ಕುಂಚಗೆರೆಯಲ್ಲಿ ಬಾಲ ಮುಗಿಸುತ್ತಿದ್ದಳು. ಯಾರು ಸತ್ತರೂ ತಪ್ಪದೆ ಸಂಘಕ್ಕೆ ಕೊಟ್ಟವಳು. ಈಗ ಅವಳಿಗೆ ಕೊಡಲು ಸಂಘದಲ್ಲಿ ಏನೂ ಇಲ್ಲ.

ಐದು ರಾತ್ರಿಯ ಮಂತ್ರ ಒಂದಕ್ಕೆ ಇಳಿಯಿತು. ಶವಪೆಟ್ಟಿಗೆಯನ್ನು ಮಠದವರೇ ಕೊಟ್ಟರು, ಯಾರಿಗೋ ಮಾಡಿಸಿ ಬೇಡವಾದದ್ದು. ಉದ್ದ ಸಾಲದೆ ಕಾಲು ಮಡಿಸಬೇಕಾಯಿತು. ಅವಳ ಗಂಡ ಅದನ್ನು ನೋಡುತ್ತಾ ನಿಂತಿದ್ದ. ಅಮ್ಮ ದೊಡ್ಡ ಪಾತ್ರೆಯಲ್ಲಿ ಅನ್ನ, ಸಾರು ಮಾಡಿ ಹೊತ್ತು ತಂದಳು, ಒಬ್ಬಳೇ. ಎಲ್ಲರಿಗೂ ಬಡಿಸಿದಳು. ನಾನು ನೀರು ಕೊಟ್ಟೆ.

ಗಂಡ ಕೇಳಿದ: "ಮುಳುಗಿದ ದುಡ್ಡನ್ನ ಸರ್ಕಾರದವರು ಐದು ವರ್ಷ ಆದ್ಮೇಲೆ ಕೊಡ್ತಾರಂತಲ್ಲ. ಹೌದಾ? ಇವಳು ಅಲ್ಲೀವರೆಗೆ ಎಲ್ಲಿ ಇರಬೇಕಿತ್ತು?"

ಸೆಪ್ಟೆಂಬರ್ 25, ಗುರುವಾರ

ಇವತ್ತಿನದನ್ನು ಬರೆದಿಡಬೇಕು.

ಅವಿಶ್ವಾಸ ನಿರ್ಣಯದ ಚರ್ಚೆ. ವಿರತ್ ಅಂಕಿಅಂಶದ ಹಾಳೆಗಳನ್ನು ಕೊಟ್ಟಿದ್ದ. ಅದನ್ನು ಬಿಟ್ಟು ಬುವಾಕಿಯೊ ಕಥೆ ಹೇಳಿದೆ. ಮಡಿಸಿದ ಕಾಲಿನ ಮಾತನ್ನೂ ಬಿಡಲಿಲ್ಲ. ತೇಚಾನ ಕಡೆ ತಿರುಗಿದೆ: "ಜುಲೈ ಹದಿನೇಳರಂದು ನೀವು ಗಟ್ಟಿ ಅಂದಿರಿ. ಆವತ್ತು ನಿಮಗೆ ಏನು ಗೊತ್ತಿತ್ತು? ನಿಮ್ಮ ಅತ್ತೆಯ ದುಡ್ಡು ಈಗ ಎಲ್ಲಿದೆ?"

ತೇಚಾ ಏಳಲಿಲ್ಲ. ಹಿಂದಿನ ಬೆಂಚಿನಿಂದ ಕ್ರಿಯಾಂಗ್ ಎದ್ದ, ನನ್ನ ಪಕ್ಕದ ಕ್ಷೇತ್ರದವನು, ಆಡಳಿತ ಪಕ್ಷ.

"ಅತ್ತೆ ಆಮೇಲೆ. ಮೊದಲು ತಾಯಿ! ಮಾನ್ಯ ಸದಸ್ಯೆಯ ತಾಯಿ ಆಗಸ್ಟ್ ಒಂದರಂದು ಸಾಯ್‌ಥೋಂಗ್‌ನಿಂದ ಪೂರ್ತಿ ದುಡ್ಡು ತೆಗೆದ್ರೋ ಇಲ್ವೋ? ಶಾಖೆಯ ಮುಖ್ಯಸ್ಥೆ ಇವರ ತಂಗಿ ಹೌದೋ ಅಲ್ವೋ? ಊರಿನವರ ಕಾಲು ಮಡಚೋದು, ತಮ್ಮ ತಾಯಿಯ ಗಂಟು ಬಿಚ್ಚೋದು. ಇದೇನಾ ವಿರೋಧಪಕ್ಷ?"

ಕೂಗು ಎದ್ದಿತು. "ಉತ್ತರ! ಉತ್ತರ!" ಇಷ್ಟು ದಿನ ನಾವು ಕೂಗಿದ ಮಾತು.

ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಗಲಾಟೆಗೆ ಸಭಾಧ್ಯಕ್ಷರು ಸದನವನ್ನು ಸ್ವಲ್ಪ ಹೊತ್ತು ಮುಂದೂಡಿದರು. ಹೊರಗೆ ಓಡಿ ಫೋನ್ ಮಾಡಿದೆ.

"ಅಮ್ಮಾ, ದುಡ್ಡು ತೆಗೆದ್ಯಾ?"

"ನಿಪಾ ಬಂದು ಕರ್ಕೊಂಡು ಹೋದ್ಲು. ನೀನೇ ಹೇಳಿ ಕಳಿಸಿದ್ದು ಅಂದ್ಕೊಂಡೆ. ಯಾಕೆ, ರೇಡಿಯೊದಲ್ಲಿ ಅವನ್ಯಾರೋ ನನ್ನನ್ನ ಬಯ್ತಿದ್ದ?"

ವಿರತ್ ಬಾಗಿಲಲ್ಲಿ ಕಾಯುತ್ತಿದ್ದ. "ಖಾಸಗಿ ವಿಷಯ ಅಂದುಬಿಡು. ತನಿಖೆ ಆಗಲಿ ಅನ್ನು. ಏನಾದ್ರೂ ಅನ್ನು, ಹೌದು ಅಂತ ಮಾತ್ರ ಅನ್ನಬೇಡ."

ಒಳಗೆ ಹೋಗಿ ನಿಂತೆ. "ಹೌದು. ನನ್ನ ತಾಯಿ ತೆಗೆದಿದ್ದಾರೆ. ನನ್ನ ತಂಗಿ ತೆಗೆಸಿಕೊಟ್ಟಿದ್ದಾಳೆ. ನನಗೆ ತಿಳಿದದ್ದು ಈಗ. ನಂಬಿ ಎಂದು ಕೇಳುವುದಿಲ್ಲ. ನಾನು ಉತ್ತರ ಕೊಟ್ಟಾಯಿತು. ಈಗ ಉಪಮಂತ್ರಿಗಳು ಕೊಡಲಿ."

ತೇಚಾ ಎದ್ದು, "ತಾಯಿಯ ವಿಷಯ ಇತ್ಯರ್ಥವಾದ ಮೇಲೆ ನೋಡೋಣ" ಅಂದು ಕೂತ. ಅಷ್ಟೇ. ಚಪ್ಪಾಳೆ ಅವರ ಕಡೆಯಿಂದ.

ಸೆಪ್ಟೆಂಬರ್ 27

ಮತದಾನ ಆಯಿತು. ಸೋತೆವು. ಸರ್ಕಾರ ಉಳಿಯಿತು. ನಮ್ಮ ನಾಯಕರು ನನ್ನನ್ನು ನೋಡದೆ ಕಾರು ಹತ್ತಿದರು.

ಸೆಪ್ಟೆಂಬರ್ 29 — ಲಾಂಪಾಂಗ್

ಗೇಟಿಗೆ ಯಾರೋ ಕೊಳೆತ ಮೀನು ಎಸೆದಿದ್ದಾರೆ. ಅಮ್ಮ ತೊಳೆಯುತ್ತಿದ್ದಳು.

"ನನ್ನ ದುಡ್ಡು ನಾನು ತಗೊಂಡೆ. ಕದ್ದೆನಾ?"

"ಇಲ್ಲಮ್ಮಾ."

"ಮತ್ಯಾಕೆ ನನಗೆ ಬೀದಿಗೆ ಹೋಗೋಕೆ ಆಗ್ತಿಲ್ಲ?" ಪೊರಕೆ ಬಿಟ್ಟು ಅತ್ತಳು. ಅಪ್ಪ ಸತ್ತಾಗಲೂ ನಮ್ಮ ಮುಂದೆ ಅತ್ತವಳಲ್ಲ.

ನಿಪಾಳನ್ನು ಪೊಲೀಸರು ಎರಡು ಸಲ ಕರೆಸಿದ್ದಾರೆ. ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ಬಾಗಿಲಾಚೆಯಿಂದಲೇ ಮಾತು.

"ನೀನು ನನ್ನ ಮಾತು ಕೇಳಿ ಸದನದಲ್ಲಿ ಹೀರೋಯಿನ್ ಆದೆ. ನಾನು ಅಮ್ಮನ ಒಂದು ಖಾತೆ ಉಳಿಸಿದ್ದು ತಪ್ಪಾ?"

ಬಾಗಿಲ ಹತ್ತಿರ ಅನ್ನ ಇಟ್ಟು ಬಂದೆ.

ಅಕ್ಟೋಬರ್ 4, ಶನಿವಾರ

ಮಠದ ಮಂಟಪದಲ್ಲಿ ಸಂಘದ ಸಭೆ. ಕರೆದಿರಲಿಲ್ಲ, ಹೋದೆ. ಚಾಪೆಯ ಮೇಲೆ ನನ್ನ ಸುತ್ತ ಜಾಗ ಬಿಟ್ಟು ಕೂತರು. ಖಮ್‌ಫೂ ಮಾವ ಮುಂದೆ, ಅಧ್ಯಕ್ಷರ ಕುರ್ಚಿಯಲ್ಲಿ.

ಬುವಾಕಿಯೊ ಗಂಡ ಎದ್ದ. "ನಿಮಗೆ ಮೊದಲೇ ಗೊತ್ತಿತ್ತು. ತಾಯಿಗೆ ಹೇಳಿದ್ರಿ. ನಮ್ಮಲ್ಲಿ ಒಬ್ಬರಿಗಾದ್ರೂ ಹೇಳಬಹುದಿತ್ತಲ್ಲ?"

"ತಾಯಿಗೆ ನಾನು ಹೇಳಲಿಲ್ಲ. ನಿಮ್ಮಲ್ಲಿ ಒಬ್ಬರಿಗೆ ಹೇಳಿದ್ದೆ."

"ಯಾರಿಗೆ? ಹೆಸರು ಹೇಳಿ!"

ಖಮ್‌ಫೂ ಮಾವನ ಕೈ ಕುರ್ಚಿಯ ತೋಳನ್ನು ಹಿಡಿದಿತ್ತು. ಎಪ್ಪತ್ತು ದಾಟಿದ ಮನುಷ್ಯ. ಈ ಊರಿನ ಎಷ್ಟೋ ಹೆಣಗಳಿಗೆ ಹೆಗಲು ಕೊಟ್ಟವರು. ನನ್ನ ಅಪ್ಪನಿಗೂ.

"ಹೇಳಲ್ಲ" ಅಂದೆ.

"ಸುಳ್ಳಿ!" ಹಿಂದಿನಿಂದ ಹೆಂಗಸಿನ ಧ್ವನಿ. "ಆ ಮಂತ್ರಿಗೂ ಇವಳಿಗೂ ಏನು ವ್ಯತ್ಯಾಸ?"

ಮಾವನ ಬಾಯಿ ಒಮ್ಮೆ ತೆರೆಯಿತು. ಕಾದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಅವರನ್ನಲ್ಲ. "ಮುಂದಿನ ವಿಷಯ..." ಅಂದರು.

ಚಪ್ಪಲಿ ಹಾಕಿಕೊಳ್ಳಲು ಹೋದೆ. ಒಂದು ಕಾಣೆಯಾಗಿತ್ತು. ಬರಿಗಾಲಲ್ಲೇ ಬಂದೆ.

ಅಕ್ಟೋಬರ್ 6, ಸೋಮವಾರ, ಬೆಳಗ್ಗೆ

ಅಮ್ಮ ಭಿಕ್ಷುಗಳಿಗೆ ಅನ್ನ ಹಾಕಲು ಗೇಟು ತೆರೆದಳು. ಹೊರಗೆ ಖಮ್‌ಫೂ ಮಾವ. ಇಸ್ತ್ರಿ ಮಾಡಿದ ಹಳೆಯ ಗಾರ್ಡ್ ಶರ್ಟ್. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಯಾಕಮ್ಮಾ ಹೇಳಲಿಲ್ಲ ನೀನು?"

"ನೀವು ಹೇಳ್ತೀರೇನೋ ಅಂತ."

"ಎರಡು ದಿನದಿಂದ ಊಟ ಇಳೀತಿಲ್ಲ. ಹೆಂಡತಿಗೆ ಹೇಳಿದೆ. ಅವಳು ತಟ್ಟೆ ಎತ್ಕೊಂಡು ಒಳಗೆ ಹೋದ್ಲು." ನಮ್ಮಮ್ಮನ ಕಡೆ ತಿರುಗಿ ಬಗ್ಗಿ ಕೈಮುಗಿದರು, ತಮಗಿಂತ ಚಿಕ್ಕವಳಿಗೆ. ಅಮ್ಮ ಗಾಬರಿಯಾಗಿ ಹಿಂದೆ ಸರಿದಳು.

"ಮಾವ, ಕಲ್ಲು ಹೊಡೀತಾರೆ."

"ಹೊಡೀಲಿ. ಮಠದ ಮೈಕ್ ಕೇಳಿದೀನಿ. ಭಿಕ್ಷುಗಳ ಊಟ ಆದ್ಮೇಲೆ ಕೊಡ್ತೀವಿ ಅಂದಿದಾರೆ. ನೀನು ಬರಬೇಡ. ನೀನು ಬಂದ್ರೆ ನೀನೇ ಹೇಳಿಸಿದ್ದು ಅಂತಾರೆ."

ಹೋದರು. ತಡೆಯಬೇಕಿತ್ತೇ? ತಡೆಯಲಿಲ್ಲ.

ಈಗ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಪಾ ಕೋಣೆಯಿಂದ ಹೊರಗೆ ಬಂದಿದ್ದಾಳೆ, ಕೂದಲು ಬಾಚಿಲ್ಲ, ಅಮ್ಮನ ಪಕ್ಕ ನಿಂತಿದ್ದಾಳೆ. ಮಠದ ಧ್ವನಿವರ್ಧಕ ಗರಗರ ಅಂದಿತು. ಯಾರೋ ಊದಿ ನೋಡಿದರು. ಕೆಮ್ಮು. ಮಾವನದೇ. ಬೀದಿಯಲ್ಲಿ ಗುಡಿಸುತ್ತಿದ್ದವರು ನಿಂತರು. "ಊರಿನವರೇ, ನಾನು ಖಮ್‌ಫೂ. ಜುಲೈ ತಿಂಗಳಲ್ಲಿ ಆ ಹುಡುಗಿ ನಮ್ಮ ಮನೆಗೆ ಬಂದು..." ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು, ಬರೆಯಲು ಆಗುತ್ತಿಲ್ಲ, ಮಾವ ಈಗ...