ಸವಿತಾ ನಕ್ಕ ಫೋಟೋ

ಅಪ್ಪಾ,

ಹೇಗಿದ್ದೀ ಎಂದು ಕೇಳುವ ಹಾಗೂ ಇಲ್ಲ. ಈಚೆಗೆ ನಮ್ಮ ಮಂದಿಯನ್ನು ಕಂಡರೆ ವಾಕರಿಕೆ ಬರುತ್ತದೆ, ನನ್ನನ್ನು ಕಂಡರೆ ಇನ್ನೂ ಹೆಚ್ಚು. ನೀನು ಹೋದ ದಿನ ತೆಗೆದ ಒಂದು ಫೋಟೋ ಇದಕ್ಕೆಲ್ಲ ಕಾರಣ. ಅಲ್ಲ, ಫೋಟೋ ಏನು ಮಾಡೀತು? ಅದನ್ನು ನೋಡಿದ ಕಣ್ಣು ಕಾರಣ.

ಅವತ್ತು ನಿನ್ನನ್ನು ಅಂಗಳದಲ್ಲಿ ಮಲಗಿಸಿದ್ದರು. ಸತ್ತ ಮನೆಯಲ್ಲೂ ಮೊಬೈಲು ಜೇಬಿನಲ್ಲಿಡಲಾರದ ಯಾರೋ ಸಂಬಂಧಿಕರು ಫೋಟೋ ತೆಗೆಯುತ್ತ ಓಡಾಡಿದರು. ಸಂಜೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎರಡು ಚಿತ್ರ ಬಂದವು. ಒಂದರಲ್ಲಿ ನಾನು ನಿನ್ನ ಕಾಲ ಮೇಲೆ ಬಿದ್ದು ಅಳುತ್ತಿದ್ದೇನೆ. ಇನ್ನೊಂದರಲ್ಲಿ ನಿನ್ನ ಸಣ್ಣ ಮಗಳು ಸವಿತಾ ಒಳಕೋಣೆಯಲ್ಲಿ ನಿಂತು ಬಾಯಿತುಂಬ ನಗುತ್ತಿದ್ದಾಳೆ. ಕೆಳಗೆ ಮರಾಠಿಯಲ್ಲಿ "ಬಘಾ, ಕಶೀ ಹಸತೇ", ನೋಡಿ ಹೇಗೆ ನಗುತ್ತಾಳೆ, ಎಂದು ಬರೆದಿತ್ತು.

"ಅಪ್ಪ ಅಂಗಳದಾಗ ಮಲಗ್ಯಾನ, ಈಕಿ ಒಳಗ ಹಲ್ಲ ಕಿಸ್ಯಾಕತ್ತಾಳ. ದೊಡ್ಡಾಕಿನ್ನ ನೋಡ್ರಿ, ಮಗಳಂದ್ರ ಹಂಗಿರಬೇಕು" ಎಂದಳು ನಿನ್ನ ತಂಗಿ, ನಮ್ಮ ಅತ್ತೆ. ಆ ಮಾತು ನನಗೆ ಹಿತವಾಯಿತು ಅಪ್ಪಾ. ಸುಳ್ಳು ಯಾಕೆ ಹೇಳಲಿ? ಮೈಂದರ್ಗಿಯ ಗಂಡನ ಮನೆಯಿಂದ ಸವಿತಾ ಫೋನ್ ಮಾಡಿದಾಗ, "ಹದಿಮೂರನೇ ದಿನಕ್ಕ ನೀ ಬರಬ್ಯಾಡ, ಮಂದಿ ಮಾತಾಡ್ತಾರ" ಎಂದೆ. ಅವಳು ಜಗಳ ಆಡಲಿಲ್ಲ. "ಅವ್ವನ್ನ ಸಂಭಾಳಿಸು ಅಕ್ಕಾ" ಎಂದಳು. ನೀನಿದ್ದಿದ್ದರೆ ನನ್ನ ಕೆನ್ನೆಗೆ...

ಮೊನ್ನೆ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಿಂದ ಒಬ್ಬ ಗಿರಾಕಿ ನಮ್ಮ ಚಾದರದ ಅಂಗಡಿಗೆ ಬಂದ. ಈಗ ನಿನ್ನ ಗಾದಿಯ ಮೇಲೆ ನಾನೇ ಕೂರುತ್ತೇನೆ. ಚಾದರದ ಮೇಲಿನ ನವಿಲು ನೋಡಿ ಅವನು ತಲೆದೂಗಿದ. ರೂಢಿಯಂತೆ ನಾನು ಚಾದರ ತಿರುವಿ ಹಾಸಿದೆ. "ಮುಂದಿನ ನವಿಲು ಎಲ್ಲಾರಿಗೂ ಕಾಣ್ತದ. ತಿರಿವಿ ಹಿಂದಿನ ಗಂಟ ನೋಡವಾ" ಎನ್ನುತ್ತಿದ್ದೆಯಲ್ಲ ನೀನು? ಒಂದು ಚಾದರವನ್ನೂ ತಿರುವದೆ ಮಾರದವಳು ನಾನು. ಒಡಹುಟ್ಟಿದವಳ ವಿಷಯದಲ್ಲಿ ಮಾತ್ರ...

ಗಿರಾಕಿ ಹೋದಮೇಲೆ ಆ ಫೋಟೋ ಮತ್ತೆ ತೆರೆದೆ. ಸವಿತಾಳ ಮುಖ ಬಿಟ್ಟು ಅವಳ ಹಿಂದೆ ನೋಡಿದೆ. ಅಲ್ಲಿ ನಮ್ಮ ಕಪಾಟಿನ ಕನ್ನಡಿ ಇತ್ತು. ದೊಡ್ಡದು ಮಾಡಿದೆ. ಫೋಟೋದಲ್ಲಿ ಬಾರದ ಮಂಚ ಕನ್ನಡಿಯಲ್ಲಿ ಕಂಡಿತು. ಮಂಚದ ಮೇಲೆ ಅವ್ವ, ಸವಿತಾಳನ್ನೇ ನೋಡುತ್ತ ಸಮಾಧಾನದಿಂದ ಕೂತಿದ್ದಳು. ಸವಿತಾಳ ಬೆನ್ನೂ ಕಾಣುತ್ತಿತ್ತು. ಬೆನ್ನ ಹಿಂದೆ ಅವಳ ಕೈ ಸೆರಗನ್ನು ಹಿಂಡಿ ಹಿಡಿದಿತ್ತು.

ಅವ್ವನ ಮರೆವು ನಿನಗೆ ಗೊತ್ತೇ ಇದೆ. ನೀನು ಹೋದದ್ದು ಅವಳ ತಲೆಯಲ್ಲಿ ಇವತ್ತಿಗೂ ನಿಂತಿಲ್ಲ. ಎದುರಿಗೆ ಯಾರಾದರೂ ಅತ್ತರೆ ಹೆದರಿ ಬೀದಿಗೆ ಓಡುತ್ತಾಳೆ. "ಆಕಿ ಮುಂದ ಯಾರೂ ಕಣ್ಣೀರ ಹಾಕಬ್ಯಾಡ್ರಿ" ಎಂದು ನಮ್ಮಿಬ್ಬರಿಗೂ ನೀನು ಎಷ್ಟು ಸಲ ಹೇಳಿದ್ದೆ. ಅದು ಸವಿತಾಳಿಗೆ ನೆನಪಿತ್ತು. ನಾನು ಅವ್ವನ ಹೊಣೆಯನ್ನು ಅವಳ ಮೇಲೆ ಹಾಕಿ, ಅಂಗಳದಲ್ಲಿ ನಾಲ್ಕು ಮಂದಿಗೆ ಕಾಣುವ ಹಾಗೆ ಎದೆ ಬಡಿದುಕೊಂಡು ಅತ್ತೆ. ನನ್ನ ಫೋಟೋ ತಿರುವಿದರೆ ಏನು ಕಾಣುತ್ತದೆ, ಹೇಳು? ಥೂ ನನ್ನ ಜನ್ಮಕ್ಕೆ.

ಇದನ್ನೆಲ್ಲ ಗುಂಪಿನಲ್ಲಿ ಬರೆದೆ. ಅತ್ತೆ ಕೈಮುಗಿದ ಚಿತ್ರ ಹಾಕಿದಳು. ಅದರ ಬೆನ್ನಿಗೇ ಯಾರೋ ಶುಭೋದಯದ ಗುಲಾಬಿ ಕಳಿಸಿದರು. ತಪ್ಪಾಯಿತು ಎನ್ನಲು ಒಬ್ಬರಿಗಾದರೂ ನಾಲಿಗೆ ಇರಲಿಲ್ಲವೇ? ಹೇಸಿ ಗುಂಪು ಬಿಟ್ಟೆ.

ನಿನ್ನೆ ಅವ್ವನನ್ನು ಕರೆದುಕೊಂಡು ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಮೈಂದರ್ಗಿಗೆ ಹೋದೆ. ಸವಿತಾ ಬಾಗಿಲು ತೆರೆದಳು. ಮಾತು ಬರುವ ಮೊದಲೇ ನನ್ನ ಕಣ್ಣು ತುಂಬಿದವು. ಅವಳು ನನ್ನ ತೋಳು ಹಿಡಿದು ಮೆಲ್ಲಗೆ, "ಅಳಬ್ಯಾಡ, ಅವ್ವ ನೋಡಾಕತ್ತಾಳ. ಮೊದ್ಲ ನಗು" ಎಂದಳು. ಅಕ್ಕಾ ಎನ್ನಲಿಲ್ಲ. ಅವಳಿನ್ನೂ ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸಲೂಬಾರದು.

"ನಿಮ್ಮಪ್ಪ ಎಲ್ಲಿ?" ಎಂದು ಅವ್ವ ನಮ್ಮಿಬ್ಬರ ಮುಖ ನೋಡಿದಳು.

"ಅಂಗಡಿಗಿ ಹೋಗ್ಯಾನವಾ, ಬರ್ತಾನ" ಎಂದಳು ಸವಿತಾ.

ನಾನು ಬಾಯಿತುಂಬ ನಕ್ಕೆ ಅಪ್ಪಾ, ಬೆನ್ನ ಹಿಂದೆ ಸೆರಗನ್ನು ಹಿಂಡಿ ಹಿಡಿದು.

ನಿನ್ನ ದೊಡ್ಡ ಮಗಳು